ಮೊಳೆ ಹೊಡೆದ ಬಾಗಿಲಿನ ಮುಂದೆ

ಆಂಧ್ರದ ಗಡಿಯಲ್ಲಿರುವ ನಮ್ಮ ಆದೋನಿಗೆ ಊರು ನೋಡಲೆಂದು ಬರುವವರು ಕಡಿಮೆ. ಹತ್ತಿ ಮಾರಲು ಬರುತ್ತಾರೆ, ಮದುವೆಯ ಬಟ್ಟೆ ಕೊಳ್ಳಲು ಬರುತ್ತಾರೆ, ಇಲ್ಲವೇ ರೈಲು ಹಿಡಿಯಲು ಬರುತ್ತಾರೆ. ಅಂಥ ಊರಿನಲ್ಲಿ ಭಾನುವಾರ ಬೆಳಗ್ಗೆ ಜನರನ್ನು ಕಟ್ಟಿಕೊಂಡು ನಡೆಯುತ್ತ, ಇಲ್ಲಿ ನೇಣು ಹಾಕುತ್ತಿದ್ದರಂತೆ, ಇಲ್ಲಿ ಹೂಳುತ್ತಿದ್ದರಂತೆ ಎಂದು ತೋರಿಸುವ ಕೆಲಸವನ್ನು ನಾನು ನಿವೃತ್ತಿಯಾದ ಮೇಲೆ ಹಚ್ಚಿಕೊಂಡೆ. ಆಲೂರಿನ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳನ್ನು ಹೆದರಿಸಿದ್ದು ಸಾಲದೇ, ಈಗ ದೊಡ್ಡವರನ್ನೂ ಹೆದರಿಸಬೇಕೇ ಎಂದು ನಮ್ಮ ಮನೆಯವರು ಕೇಳಿದರು. ಸಾಲದು ಎಂದೆ.

ಈ ಕೆಲಸದ ಗುಟ್ಟು ನನಗೆ ಶಾಲೆಯಲ್ಲಿ ಸಮಾಜ ಪಾಠ ಹೇಳುವಾಗಲೇ ತಿಳಿದಿತ್ತು. ರಾಜ ಕೆರೆ ಕಟ್ಟಿಸಿದ, ದಾರಿಯ ಎರಡೂ ಬದಿಗೆ ಸಾಲುಮರ ನೆಡಿಸಿದ ಎಂದರೆ ಹಿಂದಿನ ಬೆಂಚು ಗೊರಕೆ ಹೊಡೆಯುತ್ತಿತ್ತು. ಅದೇ ರಾಜ ಒಡಹುಟ್ಟಿದವನ ಕಣ್ಣು ಕೀಳಿಸಿದ ಎಂದರೆ ಸಾಕು, ನೀರು ಕುಡಿದು ಬರುತ್ತೇನೆಂದು ಎದ್ದವನೂ ಮತ್ತೆ ಕುಳಿತುಬಿಡುತ್ತಿದ್ದ. ದೊಡ್ಡವರದೂ ಅದೇ ಕಥೆ. ಬಳ್ಳಾರಿ, ರಾಯಚೂರು ಕಡೆಯಿಂದ ರೈಲಿನಲ್ಲಿ ಬರುವ ಕಾಲೇಜಿನವರು, ಕರಾವಳಿಯಿಂದ ವರ್ಗವಾಗಿ ಬಂದು ನಮ್ಮ ಬಿಸಿಲನ್ನು ಬಯ್ಯುವ ಬ್ಯಾಂಕಿನವರು, ಎಲ್ಲರಿಗೂ ಬೇಕಾದದ್ದು ಬೆಳಗಿನ ತಂಪಿನಲ್ಲಿ ಒಂದಿಷ್ಟು ಹೆದರಿಕೆ, ಅದರ ಮೇಲೆ ಬಿಸಿಬಿಸಿ ಮಂಡಕ್ಕಿ ಒಗ್ಗಾಣಿ ಮತ್ತು ಮಿರ್ಚಿ ಬಜ್ಜಿ. ಎರಡನ್ನೂ ನಾನು ಒದಗಿಸುತ್ತೇನೆ.

ನಡಿಗೆ ಕೋಟೆಯ ಬೆಟ್ಟದ ಬುಡದಲ್ಲಿ ಶುರುವಾಗುತ್ತದೆ. ಮೊದಲು ಬಾಗಿಲ ತೊಲೆಗೆ ಕಬ್ಬಿಣದ ಬಳೆ ಸಿಕ್ಕಿಸಿರುವ ಹಳೆಯ ಕಲ್ಲಿನ ಕಟ್ಟಡ. ಅಪರಾಧಿಗಳನ್ನು ಅದಕ್ಕೇ ತೂಗುಹಾಕುತ್ತಿದ್ದರೆಂದು ಊರು ಹೇಳುತ್ತದೆ. ದೀಪದ ಸರಪಳಿಗೂ ಇರಬಹುದು ಎಂದು ನಾನು ಹೇಳುತ್ತೇನೆ. ಆಗ ಬಂದವರ ಮುಖ ನೋಡಬೇಕು, ಬಾಯಿಗೆ ಬಂದ ಬಜ್ಜಿಯನ್ನು ನಾನೇ ಕಿತ್ತುಕೊಂಡಂತೆ ಬಾಡಿಹೋಗುತ್ತದೆ. ಆಮೇಲೆ ಚಹಾ ಅಂಗಡಿಗೆ ಒರಗಿ ನಿಂತಿರುವ ಮಾಸ್ತಿಕಲ್ಲು. ಗಂಡನ ಚಿತೆ ಏರಿದವಳ ನೆನಪಿಗೆ ಬಳೆ ತೊಟ್ಟ ಒಂದು ಕೈಯನ್ನು ಕೆತ್ತಿರುವ ಕಲ್ಲು ಅದು. ಅಂಗಡಿಯವನು ಅದರ ತಲೆಯ ಮೇಲೆ ಹಾಲಿನ ಪಾಕೀಟುಗಳನ್ನು ಪೇರಿಸಿರುತ್ತಾನೆ. ದೂರದಿಂದ ನನ್ನನ್ನು ಕಂಡ ಕೂಡಲೇ ತೆಗೆಯುತ್ತಾನೆ, ನಾವು ತಿರುವು ದಾಟಿದ ಕೂಡಲೇ ಮತ್ತೆ ಪೇರಿಸುತ್ತಾನೆ. ಬೈದು ಬೈದು ನನಗೂ ಸಾಕಾಗಿದೆ.

ತಪ್ಪದೆ ಬರುವವರೊಬ್ಬರಿದ್ದಾರೆ, ನಿವೃತ್ತ ಬಸ್ ಕಂಡಕ್ಟರು. ಕಥೆಗಳೆಲ್ಲ ಅವರಿಗೆ ಬಾಯಿಪಾಠವಾಗಿವೆ, ಆದರೂ ಬರುತ್ತಾರೆ. ಮನೆಯಲ್ಲಿ ಕುಳಿತರೆ ಕಾಲು ಜೋಮು ಹಿಡಿಯುತ್ತದಂತೆ. ನಡಿಗೆ ಬಿಡುವ ಮುಂಚೆ ತಲೆ ಎಣಿಸುತ್ತಾರೆ, ಎಲ್ಲರೂ ಬಂದ ಮೇಲೆ ನನ್ನತ್ತ ನೋಡಿ ರೈಟ್ ಎನ್ನುತ್ತಾರೆ. ಅವರು ರೈಟ್ ಎನ್ನದೆ ನಾನೂ ಹೊರಡುವುದಿಲ್ಲ.

ಎಲ್ಲಕ್ಕಿಂತ ಕಡೆಗೆ ಬರುವುದು ನಮ್ಮದೇ ಓಣಿಯ ಒಂದು ಮನೆ. ಪ್ಲೇಗು ಬಂದ ಕಾಲದಲ್ಲಿ ಇಲಿ ಸತ್ತು ಬಿದ್ದಿತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಈ ಮನೆಯವರು ಹೊರಡುವ ಮೊದಲೇ ಒಳಗೆ ಜ್ವರ ಬಿತ್ತು. ರೋಗ ಹೊರಗೆ ಬರಬಾರದೆಂದು ಓಣಿಯವರೇ ಬಾಗಿಲಿಗೆ ಹಲಗೆ ಬಡಿದು ಮೊಳೆ ಹೊಡೆದರು, ಆಮೇಲೆ ತಾವೂ ಹೊಲಕ್ಕೆ ಹೋದರು. ತಿರುಗಿ ಬಂದು ತೆಗೆದಾಗ ಒಳಗೆ ಯಾರೂ ಬದುಕಿರಲಿಲ್ಲ, ಎಷ್ಟೋ ಕಾಲದ ಮೇಲೆ ಅದೇ ವಂಶದ ಬೇರೆ ಯಾರೋ ಬಂದು ದೀಪ ಹಚ್ಚಿದರು. ನಾನು ಕೇಳಿದ್ದು, ಹೇಳುತ್ತಿದ್ದದ್ದು ಇಷ್ಟು. ಚೌಕಟ್ಟಿನಲ್ಲಿ ಮೊಳೆಯ ತೂತುಗಳು ಈಗಲೂ ಇವೆ. ಬಂದವರೆಲ್ಲ ಅವುಗಳಲ್ಲಿ ಬೆರಳಿಟ್ಟು ನೋಡುತ್ತಾರೆ.

ಈಗ ಆ ಮನೆಯಲ್ಲಿರುವವಳು ನನ್ನ ಗೆಳತಿ, ರವಿಕೆ ಹೊಲಿಯುವುದರಲ್ಲಿ ಎತ್ತಿದ ಕೈ. ಗಂಡ ಹತ್ತಿ ಮಿಲ್ಲಿನಲ್ಲಿದ್ದಾನೆ. ಒಬ್ಬಳೇ ಮಗಳು ಆಲೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಒಂದು ಶನಿವಾರ ಸಂಜೆ ಗೆಳತಿ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿಟ್ಟಳು. ಹೋಳಿಗೆ ಬಂತೆಂದರೆ ಹಿಂದೆಯೇ ಏನೋ ಬೇಡಿಕೆಯೂ ಬಂದಿದೆ ಎಂದು ನನಗೆ ಗೊತ್ತು. ಒಂದು ತಿಂದು ಮುಗಿಸುವ ತನಕ ಕಾದೆ.

ವಿಷಯ ಮಗಳ ಮದುವೆಯದು. ಆಲೂರು ರಸ್ತೆಯ ಒಂದು ಹಳ್ಳಿಯ ಹುಡುಗ, ಚಿಪ್ಪಗಿರಿಯ ಸರ್ಕಾರಿ ಮಂಡಲ ಆಫೀಸಿನಲ್ಲಿ ಕೆಲಸ. ದಿನಾ ಒಂದೇ ಬಸ್ಸಿನಲ್ಲಿ ಹೋಗಿ ಹೋಗಿ ಇಬ್ಬರಿಗೂ ಮನಸ್ಸು ಕೂಡಿದೆ. ಕುಲ ಸರಿ, ಜಾತಕ ಸರಿ. ಆದರೆ ಹುಡುಗನ ಮನೆಯಲ್ಲಿ ಮಾತು ನಡೆಯುವುದು ಅವನ ಸೋದರತ್ತೆಯದು. ಆಕೆ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೂ ಮುಂಚೆ, ಗಂಡಿನ ಕಡೆಯವರು ಯಾರಾದರೂ ಹೇಳದೆ ಕೇಳದೆ ಓಣಿಗೆ ಬಂದು, ಕಿರಾಣಿ ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಪಕ್ಕದ ಮನೆಯಲ್ಲಿ ವಿಚಾರಿಸಿಕೊಂಡು ಹೋಗುತ್ತಾರೆ. ಅಂಥವರು ಬರುವ ದಿನಗಳಿವು. ಆ ಹೊತ್ತಿಗೆ ನಾನು ಜನ ಕಟ್ಟಿಕೊಂಡು ಬಂದು ಇದು ಹೆಣದ ಮನೆ ಎಂದು ತೋರಿಸಿದರೆ ಹೇಗೆ? ಸ್ವಲ್ಪ ದಿನ ತಮ್ಮ ಬಾಗಿಲನ್ನು ಬಿಟ್ಟು ನಡೆಸಬೇಕು ಎಂದು ಕೇಳಿದಳು.

ನನಗೆ ರೇಗಿತು. ಆಗಿದ್ದನ್ನು ಆಗಿಲ್ಲ ಎನ್ನುವುದಾದರೆ ನಾನು ಈ ಕೆಲಸವನ್ನೇಕೆ ಮಾಡಬೇಕು, ಹತ್ತಿ ದಲ್ಲಾಳಿಯಾಗುತ್ತಿದ್ದೆ ಎಂದೆ. ಅವಳು ಜಗ್ಗಲಿಲ್ಲ. "ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ ಅಕ್ಕ. ನಾ ನಿಮಗ ಒಂದ ಸುಳ್ಳೂ ಹೇಳ್ರಿ ಅಂತ ಕೇಳಾಕಹತ್ತಿಲ್ಲ, ಸುಮ್ಮನಿರ್ರಿ ಅನ್ನಾಕಹತ್ತೀನಿ" ಎಂದಳು. ಡಬ್ಬಿಯನ್ನು ಇನ್ನಷ್ಟು ನನ್ನತ್ತ ಸರಿಸಿದಳು. ಆ ಹುಡುಗಿ ನನ್ನ ಮಡಿಲಲ್ಲಿ ಆಡಿ ಬೆಳೆದವಳು. ನನ್ನ ಸತ್ಯ ಕೆಲವು ಭಾನುವಾರ ರಜೆ ಹಾಕಿದರೆ ಊರು ಮುಳುಗುವುದಿಲ್ಲ ಎಂದುಕೊಂಡು ಒಪ್ಪಿದೆ. ಹೋಳಿಗೆಯೂ ಚೆನ್ನಾಗಿತ್ತು.

ಮರುದಿನ ಬೆಟ್ಟದ ಬುಡದಲ್ಲಿ ಬಂದವರ ನಡುವೆ ಒಬ್ಬ ಹಿರಿಯ ಹೆಂಗಸು ನಿಂತಿದ್ದರು. ಉಳಿದವರೆಲ್ಲ ಬೂಟು, ಟೋಪಿ, ನೀರಿನ ಬಾಟಲಿ. ಇವರು ಮಾತ್ರ ಜರಿಯಂಚಿನ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು, ಕೈಯಲ್ಲಿ ಒಂದು ಚೀಲ ಹಿಡಿದಿದ್ದರು. ಯಾವ ಊರು ತಾಯಿ ಎಂದರೆ, ಇಲ್ಲೇ ಹತ್ತಿರ, ಕೋಟೆ ನೋಡಬೇಕೆಂದು ಬಹಳ ದಿನದಿಂದ ಆಸೆ ಎಂದರು. ಕೋಟೆಯ ಕಡೆ ತಲೆಯೆತ್ತಿ ನೋಡಲೂ ಇಲ್ಲ.

ನೇಣಿನ ಬಳೆಯ ಕೆಳಗೆ ನಾನು ಕಥೆ ಹೇಳುತ್ತಿದ್ದರೆ, ನೀವಿರುವ ಓಣಿ ಯಾವುದು ಎಂದು ಕೇಳಿದರು. ಮಾಸ್ತಿಕಲ್ಲಿನ ಹತ್ತಿರ, ನಿಮ್ಮ ಓಣಿಗೆ ನಲ್ಲಿ ನೀರು ದಿನಾ ಬರುತ್ತದೆಯೇ, ಜನ ಜಗಳಗಂಟರೇ ಎಂದು ಕೇಳಿದರು. ಬೆಟ್ಟದ ಬುಡ ಬಿಟ್ಟು ಊರ ಕಡೆ ತಿರುಗುವಾಗ ಒಂದು ಕೋತಿ ಹಾರಿ ಬಂದು ಅವರ ಚೀಲಕ್ಕೆ ಕೈ ಹಾಕಿತು. ಹರಿದ ಚೀಲದಿಂದ ಬಾಳೆಹಣ್ಣು, ಎಲೆ ಅಡಿಕೆ, ಅರಿಶಿನ ಕುಂಕುಮದ ಪೊಟ್ಟಣ, ಒಂದು ಮೊಳ ಹೂವು ನೆಲಕ್ಕೆ ಬಿದ್ದವು. ಆಗ ನನಗೆ ಅರ್ಥವಾಯಿತು. ಗುಟ್ಟಾಗಿ ವಿಚಾರಿಸಲು ಬಂದವರೇ ಸರಿ, ಆದರೆ ಹೆಣ್ಣಿನ ಮನೆಯ ಕಡೆಗೆ ಬರಿಗೈಯಲ್ಲಿ ಕಾಲಿಡಲು ಮನಸ್ಸು ಒಪ್ಪಿಲ್ಲ. ನಮ್ಮ ಕಡೆಯ ಹೆಂಗಸರು ಕಳ್ಳತನಕ್ಕೆ ಹೋದರೂ ಅರಿಶಿನ ಕುಂಕುಮ ಒಯ್ದಾರು. ನಗು ತಡೆದುಕೊಳ್ಳುವುದು ಕಷ್ಟವಾಯಿತು. ಕಂಡಕ್ಟರು ಕೋಲು ಬೀಸಿ ಕೋತಿಯನ್ನು ಓಡಿಸಿದರು.

ನಗು ನಿಂತ ಮೇಲೆ ಮುಂದಿನ ದಾರಿ ನೆನಪಾಯಿತು. ಇವರೇ ಸೋದರತ್ತೆ, ದಾರಿ ಹೋಗುವುದು ನಮ್ಮ ಓಣಿಯ ಮೂಲಕವೇ, ಬೇರೆ ದಾರಿಯಿಲ್ಲ. ಮಾರುಕಟ್ಟೆಯ ಹಳೆಯ ಕಥೆಯೊಂದನ್ನು ತೆಗೆದು ಎಳೆಯುತ್ತ, ಎಲ್ಲರೂ ನನ್ನ ಮುಖವನ್ನೇ ನೋಡುವಂತೆ ಮಾಡುತ್ತ, ಗೆಳತಿಯ ಮನೆಯ ಮುಂದೆ ಬಿರಬಿರನೆ ನಡೆದೆ. ಹುಡುಗಿ ಬಾಗಿಲಲ್ಲಿ ಕುಳಿತು ರಂಗೋಲಿ ಹಾಕುತ್ತಿದ್ದಳು. ದಾಟಿಯೇಬಿಟ್ಟೆ ಎನ್ನುವಷ್ಟರಲ್ಲಿ ಹಿಂದಿನಿಂದ ಕಂಡಕ್ಟರ ದನಿ ಬಂತು.

"ಟೀಚರಮ್ಮ, ಸ್ಟಾಪ್ ಬಿಟ್ಟು ಬಂದ್ರಿ. ಮೊಳಿ ಹೊಡದ ಬಾಗಿಲಾ ಇದಾ ಅಲ್ಲೇನ್ರಿ?"

ಎಲ್ಲರೂ ನಿಂತರು. ಸೋದರತ್ತೆಯವರು ಬಾಗಿಲನ್ನು ನೋಡಿದರು, ಹುಡುಗಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಯಾವ ಮೊಳೆ ಎಂದು ಕೇಳಿದರು. ಅಷ್ಟು ಜನರ ಮುಂದೆ ಇನ್ನೇನು ಹೇಳುವುದು? ಕಂಡಕ್ಟರನ್ನು ಮನಸ್ಸಿನಲ್ಲೇ ಹರಿದು ತಿನ್ನುತ್ತ, ಆದಷ್ಟು ಮೆತ್ತಗೆ ಕಥೆ ಹೇಳಿದೆ. ಎಷ್ಟು ಮೆತ್ತಗೆ ಹೇಳಿದರೂ ಹೆಣ ಹೆಣವೇ. ಕಿಟಕಿಯ ಹಿಂದೆ ಗೆಳತಿ ಹಣೆಗೆ ಕೈಯೊತ್ತಿ ನಿಂತಿರುವುದು ನನಗೆ ಕಾಣುತ್ತಿತ್ತು. ಒಳಗೆ ಯಾರೂ ಬದುಕಿರಲಿಲ್ಲ ಎನ್ನುವಲ್ಲಿಗೆ ನಾನು ಬಂದಾಗ ಹುಡುಗಿ ರಂಗೋಲಿಯ ಬಟ್ಟಲನ್ನು ಕೆಳಗಿಟ್ಟು ಎದ್ದು ನಿಂತಳು.

"ಎಲ್ಲಾರೂ ಸಾಯಲಿಲ್ರಿ. ನಮ್ಮ ಮುತ್ತಾತನ ಅವ್ವ ಉಳದ್ಳು, ಆಕಿ ಕೈಯಾಗ ನಮ್ಮ ಮುತ್ತಾತ ಇದ್ದ, ಕೂಸು. ಮೈತುಂಬ ಜ್ವರ ಬಂದು ಆಕಿ ಅತ್ತಿ ಮಲಗಿದ್ಳು. ಆ ಜ್ವರದಾಗ ಎದ್ದು ಒನಕಿ ತಂದು ಸೊಸಿ ಕೈಯಾಗ ಕೊಟ್ಟು, ಹಿತ್ತಲ ಗ್ವಾಡಿ ಒಡದು ಹೋಗು ಅಂದ್ಳಂತ. ಒಡದು ಹೋದ್ಳು."

ಈ ಕಥೆಯನ್ನು ನಾನು ಆ ಓಣಿಯಲ್ಲಿ ಇಷ್ಟು ವರ್ಷ ಇದ್ದೂ ಕೇಳಿರಲಿಲ್ಲ. ಗೆಳತಿ ಏಕೆ ಬಾಯಿಬಿಟ್ಟಿರಲಿಲ್ಲ ಎಂಬುದೂ ಆ ಕ್ಷಣವೇ ಹೊಳೆಯಿತು. ಪ್ಲೇಗಿನ ಹೆಸರಿಗಿಂತ ಅವಳು ಹೆದರಿದ್ದು ಇದಕ್ಕೆ. ಸಾಯುವ ಅತ್ತೆಯನ್ನು ಬಿಟ್ಟು ಗೋಡೆ ಒಡೆದು ಹೋದ ಸೊಸೆಯ ಮನೆತನ ಎಂದರೆ ಯಾವ ಹಿರಿಯಳು ಆ ಮನೆಯ ಹೆಣ್ಣು ತಂದಾಳು? ನೂಲಿನಂತೆ ಸೀರೆ ಎಂದು ಮುಖ ತಿರುಗಿಸಿ ಹೋದರೆ ತಪ್ಪೆನ್ನಲು ಯಾರಿಗೆ ಬಾಯಿದೆ? ಮಗಳು ತನ್ನ ಮದುವೆಯನ್ನು ತಾನೇ ನಡುಬೀದಿಯಲ್ಲಿ ಇಟ್ಟಿದ್ದಳು. ಅದು ಅವಳಿಗೆ ಗೊತ್ತಿತ್ತು ಎಂದೇ ನನಗನ್ನಿಸಿತು, ಏಕೆಂದರೆ ಅವಳು ಮಾತಾಡುವಾಗ ನೋಡುತ್ತಿದ್ದದ್ದು ನನ್ನನ್ನಲ್ಲ, ರೇಷ್ಮೆ ಸೀರೆಯವರನ್ನು.

ಸೋದರತ್ತೆಯವರು ಚೌಕಟ್ಟಿನ ಹತ್ತಿರ ಹೋದರು. ಎಲ್ಲರಂತೆ ತೂತಿನಲ್ಲಿ ಬೆರಳಿಡಲಿಲ್ಲ, ಅಂಗೈಯಿಂದ ಅದನ್ನು ಮುಚ್ಚಿ ಹಿಡಿದರು. ಆಕೆ ಯಾವ ಕಡೆಗೆ ಹೋದಳು ಎಂದು ಕೇಳಿದರು. ಆಲೂರು ದಾರಿ ಹಿಡಿದಳಂತೆ, ದಾರಿಯ ಹಳ್ಳಿಯೊಂದರಲ್ಲಿ ಒಳಗೆ ಬಿಡಲಿಲ್ಲವಂತೆ, ಕೊನೆಗೆ ಯಾರದೋ ಕುರಿಹಟ್ಟಿಯಲ್ಲಿ ಉಳಿದಳಂತೆ ಎಂದಳು ಹುಡುಗಿ. ಸೋದರತ್ತೆಯವರು ತಲೆಯಾಡಿಸಿದರು.

"ಆ ದಾರಿಗೆ ಜಾಲಿಮುಳ್ಳು ಹಾಕಿದವರು ನಾವೇ ಅವ್ವ" ಎಂದರು. "ಆದೋನಿ ಮಂದಿ ಬಂದ್ರ ರೋಗ ಬರ್ತೈತಿ ಅಂತ ನಮ್ಮೂರ ಮುಂದ ಬೇಲಿ ಹಾಕಿದ್ರು. ಕಾವಲಿದ್ದವರಾಗ ನಮ್ಮಜ್ಜಿನೂ ಒಬ್ಬಾಕಿ. ಕೂಸು ಎತ್ಕೊಂಡು ಬಂದ ಹೆಣ್ಮಗಳು ನೀರು ಕೇಳಿದ್ಲಂತ, ಕೊಡಲಿಲ್ಲಂತ. ಸಾಯೂ ಮುಂದೂ ಅದನ್ನಾ ಹೇಳ್ಕೊಂಡು ಅಳ್ತಿದ್ಲು. ಅದು ನಿಮ್ಮಾಕಿನೋ, ಬ್ಯಾರೆ ಯಾರೋ, ಆ ದೇವರಿಗೇ ಗೊತ್ತು."

ಆಮೇಲೆ ಕಣ್ಣೊರೆಸಿಕೊಂಡು, ತಾವು ಯಾರು, ಏಕೆ ಬಂದದ್ದು ಎಂಬುದನ್ನು ಎಲ್ಲರ ಮುಂದೆ ತಾವೇ ಹೇಳಿದರು. ಹೆಣ್ಣಿನ ಮನೆ ಎಂಥದ್ದೆಂದು ವಿಚಾರಿಸಿ ಹೋಗಲು ಬಂದವರು, ತಮ್ಮ ಮನೆ ಎಂಥದ್ದೆಂದು ಹೇಳಿ ನಿಂತಿದ್ದರು. ಗೆಳತಿ ಬಾಗಿಲ ತನಕ ಬಂದಿದ್ದಳು, ಆದರೆ ಹೊಸ್ತಿಲು ದಾಟುವ ಧೈರ್ಯವಾಗದೆ ಬಾಗಿಲನ್ನೇ ಹಿಡಿದುಕೊಂಡಿದ್ದಳು.

ಸೋದರತ್ತೆಯವರು ಹುಡುಗಿಯ ರಂಗೋಲಿ ಮೆತ್ತಿದ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. "ನಾ ನಿನ್ನ ಒಪ್ಪೂದು ಹಂಗಿರಲಿ. ಮುಳ್ಳು ಹಾಕಿದ ಮನಿಗೆ ನೀ ಬರ್ತೀಯೇನವ್ವ?"

ಹುಡುಗಿ ಅವಸರ ಮಾಡಲಿಲ್ಲ. ಒಮ್ಮೆ ತಾಯಿಯ ಕಡೆ ನೋಡಿದಳು. ಮುಖದಲ್ಲಿ ನಗು ಮೆಲ್ಲನೆ ಬಂತು.

"ಬರ್ತೀನಿ ಅತ್ತಿ. ಬಾಗಿಲಾ ತಗದು ಕರೀಬೇಕು, ಅಷ್ಟಾ."