ಸಿಂಹದ ಪದಕ

ಹಂಪಿ ಬಜಾರಿನಲ್ಲಿ ನನ್ನ ಅಂಗಡಿಯ ಪಕ್ಕದ ಕಲ್ಲುಮಂಟಪದಲ್ಲಿ ಒಬ್ಬ ಅಕ್ಕ ಸುಟ್ಟ ಮಣ್ಣಿನ ಪದಕ ಮಾಡಿ ಮಾರುತ್ತಿದ್ದಳು. ಆಮೆ, ಮೀನು, ಸಿಂಹ. ಪ್ರತಿಯೊಂದನ್ನೂ ಆರಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿಯೇ ದಾರಕ್ಕೆ ಪೋಣಿಸುವಳು. ಇದು ನಮ್ಮನ್ನು ಕಾಯುತ್ತದೆಯೇ ಎಂದು ಯಾರು ಕೇಳಿದರೂ, "ಮಣ್ಣು ಐತ್ರಿ, ಉಳಿದದ್ದು ನೀವ ನೋಡ್ಕೋಬೇಕು" ಎನ್ನುವಳು.

ಸಂಡೂರಿನ ಅದಿರು ಲಾರಿಗಳು ಹಗಲುರಾತ್ರಿ ಓಡುತ್ತಿದ್ದ ಕಾಲವದು. ಒಂದು ಮಧ್ಯಾಹ್ನ, ಹೊಸಪೇಟೆಯಲ್ಲಿ ಲಾರಿ ನಿಲ್ಲಿಸಿ ಬಂದಿದ್ದ ಡ್ರೈವರ್ ಒಬ್ಬ ಕೆಂಪು ಕಣ್ಣು ಉಜ್ಜುತ್ತ ಅವಳೆದುರು ನಿಂತ.

"ನಿನ್ನೆ ಗಾಡಿ ಪಲ್ಟಿ ಆಗೋದು ತಪ್ಪೈತಿ, ಅಕ್ಕಾ. ಕಾಯೋ ಸಿಂಹ ಒಂದು ಕೊಡು. ಜಲ್ದಿ ಹೋಗ್ಬೇಕು."

"ಈಗಷ್ಟ ಸುಟ್ಟೀನಪ್ಪ, ಇನ್ನೂ ಬಿಸಿ ಐತಿ. ಆರೋತನಕ ಇಲ್ಲೇ ಅಡ್ಡಾಗು."

ಒರಗಿದವನು ಆ ಕ್ಷಣವೇ ಗೊರಕೆ ಹೊಡೆದ.

"ಸಿಂಹ ಮೊನ್ನೇನ ಆರಿತ್ತಲ್ಲಕ್ಕ?" ಎಂದೆ ನಾನು.

"ಸಣ್ಣಗ ಮಾತಾಡು," ಎಂದು ಅವನ ಮುಖದ ನೊಣ ಓಡಿಸಿದಳು.

ಸಂಜೆ ಅವನು ತಾನಾಗಿ ಎದ್ದು ಕೂತ ಮೇಲೆಯೇ ಕೊರಳಿಗೆ ಸಿಂಹ ಕಟ್ಟಿದಳು.