ಯಾರೂ ಕೇಳದ ಒನ್ಸ್ ಮೋರ್

ಪಿಯಾನೊ ಮುಂದೆ ಕುಳಿತ ಕೂಡಲೇ ಅಕ್ಕೋರು ಹಸಿರು ಗಾಜಿನ ಬಳೆಗಳನ್ನೆಲ್ಲ ಮೊಣಕೈಯತ್ತ ಸರಿಸಿ, ಸದ್ದಾಗದಂತೆ ಕರವಸ್ತ್ರದಿಂದ ಬಿಗಿದುಕೊಳ್ಳುತ್ತಿದ್ದರು. ಎರಡೂ ಕೈಗೆ ಒಂದೊಂದು ಗಂಟು. ಆ ಗಂಟು ಬಿದ್ದಿತೆಂದರೆ ಮಾತು ಬಂದ್.

ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಅನ್ನುತ್ತೇವೆ. ಸ್ವಾತಂತ್ರ್ಯ ಬಂದ ಮೇಲೆ ಊರು ಬಿಟ್ಟ ಇಂಗ್ಲಿಷ್ ದೊರೆಸಾನಿಯೊಬ್ಬಳು ಅವರಿಗೆ ಪಿಯಾನೊ ಕಲಿಸಿದ್ದಳು. ಹೋಗುವಾಗ ಅದನ್ನು ಗೋಕಾಕದ ಕ್ಲಬ್ಬೊಂದಕ್ಕೆ ಕೊಟ್ಟುಹೋಗಿದ್ದಳು. ಕ್ಲಬ್ಬಿನವರು ಅದರ ಮೇಲೆ ಚಹಾದ ಕಪ್ಪು ಇಡುತ್ತಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಅಕ್ಕೋರ ಶಾಲೆಯಲ್ಲೇ ಹೊಸ ಮಾಸ್ತರ. ಅವರು ಬಾರಿಸುವುದನ್ನು ಕೇಳಲು ಸಂಜೆ ಕ್ಲಬ್ಬಿಗೆ ಹೋಗುತ್ತಿದ್ದೆ. ಅವರಿಗೆ ಪ್ರಾಣವಾಗಿದ್ದದ್ದು ನೂರು ವರ್ಷದ ಹಿಂದಿನ ಒಂದು ವಾಲ್ಟ್ಸ್, ಮೂರು ಮಾತ್ರೆಯ ಕುಣಿತದ ಚೀಜು. ಎಡಗೈ ಒಂದು ಗಟ್ಟಿ ಹೆಜ್ಜೆ, ಎರಡು ಹಗುರ ಹೆಜ್ಜೆ ಇಡುತ್ತ ಹೋಗುತ್ತದೆ. ಬಲಗೈ ಅದರ ಮೇಲೆ ಹಾಡುತ್ತದೆ. ಆಮೇಲೆ ನಡುವಿನ ಭಾಗ: ಬೇರೆ ಸ್ವರ, ನಿಧಾನ ನಡೆ, ಸ್ವಲ್ಪ ದುಃಖ. ಕೊನೆಗೆ ಮೊದಲನೆಯದೇ ಮರಳಿ ಬರುತ್ತದೆ.

"ಬಾರಿಸಿದ್ದನ್ನ ಮತ್ತ್ಯಾಕ ಬಾರಿಸೋದ್ರಿ ಅಕ್ಕೋರ?" ಎಂದು ಕೇಳಿದ್ದೆ.

"ಮಾಸ್ತರ್ರ, ಮೊದಲನೇದು ಗೋಕಾಕ, ನಡುವಿಂದು ಮೂಡಲಗಿ. ಮೂಡಲಗಿಗೆ ಹ್ವಾದಾವ್ರು ಹೊಳ್ಳಿ ಮನಿಗೆ ಬರಬೇಕಿಲ್ಲೇನ್ರಿ? ಹೊಳ್ಳಿ ಬಂದಾಗ ಅದ ಮನಿ ಎಷ್ಟ ಚೆಂದ ಕಾಣತೈತಿ!"

ಕ್ಲಬ್ಬಿನವರು ಪಿಯಾನೊ ಮಾರಿಬಿಟ್ಟರು. ಇಸ್ಪೀಟಿನ ಟೇಬಲ್ಲಿಗೆ ಜಾಗ ಬೇಕಿತ್ತಂತೆ! ಅದು ಹೋಗುವ ಹಿಂದಿನ ದಿನ ಕ್ಲಬ್ಬಿನ ವಾರ್ಷಿಕೋತ್ಸವ. "ಒಮ್ಮೆರ ಮಂದಿ ಮುಂದ ಪೂರಾ ಬಾರಸ್ತೀನ್ರಿ, ಅಷ್ಟ ಸಾಕ," ಎಂದು ಅಕ್ಕೋರು ಸೆಕ್ರೆಟರಿಯನ್ನು ಬೇಡಿಕೊಂಡು ಒಪ್ಪಿಸಿದ್ದರು.

ಮೊದಲ ಭಾಗ ಮುಗಿಯಿತು. ನಡುವಿನದಕ್ಕೆ ಸಭೆಯೆಲ್ಲ ಗಪ್‌ಚಿಪ್. ಮೊದಲನೆಯದು ಮರಳಿ ಶುರುವಾದದ್ದೇ ತಡ, ಸೆಕ್ರೆಟರಿ ಎದ್ದು ನಿಂತರು. ನಮ್ಮ ಕಡೆ ನಾಟಕದಲ್ಲಿ ಮಂದಿ 'ಒನ್ಸ್ ಮೋರ್' ಎಂದು ಕೂಗಿದರೆ ಮಾತ್ರ ಹಾಡನ್ನು ಮತ್ತೆ ಹಾಡುವುದು. ಈ ಮಹಾಶಯರು ಅದನ್ನೇ ಹಿಡಿದುಕೊಂಡು, "ಯಾರೂ ಒನ್ಸ್ ಮೋರ್ ಅಂದಿಲ್ರಿ ಬಾಯಾರ, ಸಾಕ ಮಾಡ್ರಿ!" ಎಂದರು. ಸಭೆ ಗೊಳ್ಳೆಂದು ನಕ್ಕಿತು. ನಗುವಂಥದ್ದು ಏನಿತ್ತು ಅಲ್ಲಿ?

ಅಕ್ಕೋರು ಪಿಯಾನೊದ ಮೇಲಿಂದ ಕೈ ತೆಗೆದರು. ಕರವಸ್ತ್ರ ಬಿಚ್ಚಿದರು. ಬಳೆಗಳು ಸದ್ದು ಮಾಡುತ್ತ ಕೆಳಗಿಳಿದವು. ಮರುದಿನ ಪಿಯಾನೊ ಲಾರಿ ಹತ್ತಿತು. ಮುಂದೆ ಅವರು ಹುಕ್ಕೇರಿಗೆ ವರ್ಗವಾಗಿ ಹೋದರು, ಮತ್ತೆಲ್ಲೂ ಬಾರಿಸಲಿಲ್ಲ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ನಮ್ಮ ಶಾಲೆಯಲ್ಲಿ ಶೋಕಸಭೆ. ಭಾಷಣಕ್ಕೆ ಯಾರು? ಅದೇ ಸೆಕ್ರೆಟರಿ! ಅಕ್ಕೋರ ಸಂಗೀತಕ್ಕೆ ಕ್ಲಬ್ಬು ಎಷ್ಟೆಲ್ಲ ಪ್ರೋತ್ಸಾಹ ಕೊಟ್ಟಿತೆಂದು ಹೇಳಿದರು. ನೀರು ಕುಡಿದು, ಅದನ್ನೇ ಮತ್ತೆ ಮೊದಲಿನಿಂದ ಎತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ, ಎದ್ದುಬಿಟ್ಟೆ.

"ಯಾರೂ ಒನ್ಸ್ ಮೋರ್ ಅಂದಿಲ್ರಿ ಸಾಹೇಬ್ರ. ಕುಂಡರ್ರಿ."

ಅವರು ಕುಳಿತರು. ಯಾರೂ ನಗಲಿಲ್ಲ. ಆದರೆ ಅದರಿಂದ ಏನಾಯಿತು? ಅಕ್ಕೋರ ವಾಲ್ಟ್ಸ್ ಇನ್ನೂ ಮೂಡಲಗಿಯಿಂದ ಮರಳಿ ಬಂದಿಲ್ಲ.