ನಾಲ್ಕನೆಯ ಗೂಟ

ಮಿಸ್ತ್ರಿಗಳ ಎಡಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ಎಂದೋ ಕರಗಿದ ಕಂಚು ಸಿಡಿದು ಸುಟ್ಟಿದ್ದು, ಮತ್ತೆ ಬೆಳೆಯಲಿಲ್ಲ. ಹಾಗಾಗಿ ಅರ್ಧ ಮುಖ ಸದಾ ಬೆರಗಾದಂತೆ, ಇನ್ನರ್ಧ ಸಿಟ್ಟಾದಂತೆ ಕಾಣುತ್ತಿತ್ತು. ಕೊಲ್ಹಾಪುರದ ಆ ಫೌಂಡ್ರಿಗೆ ನಾನು ಸೇರಿದ ದಿನ ಕಂಡದ್ದು ಸಿಟ್ಟಿನ ಅರ್ಧ. ಆಗ ನಯೇ ಪೈಸೆಯ ಹೊಸ ನಾಣ್ಯ ಬಂದು ಎರಡು-ಮೂರು ವರ್ಷವಾಗಿತ್ತು. ಇಚಲಕರಂಜಿಯ ಮಗ್ಗದಲ್ಲಿ ನನ್ನ ಗಂಡನ ಬೆರಳು ಹೋಗಿ, ಮನೆ ನನ್ನ ಪಗಾರದ ಮೇಲೆಯೇ ನಿಂತಿತ್ತು.

ನನ್ನದು ಕೋರ್ ಮಾಡುವ ಕೆಲಸ. ಕೋರ್ ಅಂದರೆ ಎರಕದೊಳಗೆ ಟೊಳ್ಳು ಉಳಿಯಲೆಂದು ಇಡುವ ಮರಳಿನ ಗಟ್ಟಿ. ಅದು ಸರಿದಾಡದಂತೆ ಸುತ್ತಲೂ ತಾಮ್ರದ ಪುಟ್ಟ ಗೂಟಗಳ ಆಸರೆ ಕೊಡಬೇಕು; ಕಂಚು ಹೊಯ್ದ ಮೇಲೆ ಅವು ಅದರೊಳಗೇ ಉಳಿಯುತ್ತವೆ. ಕೋರ್ ಸರಿದರೆ ಆ ಕಡೆ ಎರಕದ ಗೋಡೆ ತೆಳ್ಳಗಾಗುತ್ತದೆ.

ಒಮ್ಮೆ ಹಡಗಿನ ವಾಲ್ವುಗಳ ಆರ್ಡರ್ ಬಂತು. ಹಡಗಿನ ತಳದಲ್ಲಿ ಸಮುದ್ರದ ನೀರನ್ನು ತಡೆದು ನಿಲ್ಲಿಸುವಂಥವು, ಹನ್ನೆರಡು. ಜೊತೆಗೆ ಇಂಗ್ಲಿಷಿನಲ್ಲಿ ನಿಯಮದ ಕಾಗದ. ಗೋಡೆ ನಾಲ್ಕು ಸೂತ, ಅಂದರೆ ಅರ್ಧ ಇಂಚು ದಪ್ಪ ಇರಬೇಕು. ನೀರಿನ ಒತ್ತಡ ತಡೆಯಬೇಕು. ಹಡಗುಗಳಿಗೆ ದರ್ಜೆ ಕೊಡುವ ಸಂಸ್ಥೆಯ ಸಾಹೇಬರು ಮುಂಬೈಯಿಂದ ಬಂದು ಒಂದೊಂದರ ಮೇಲೂ ಮುದ್ರೆ ಹೊಡೆಯಬೇಕು. ಮುದ್ರೆ ಬೀಳದ್ದು ಹಡಗು ಹತ್ತುವಂತಿಲ್ಲ. ಮಿಸ್ತ್ರಿಗಳು ಮಾಲಕರಿಂದ ಓದಿಸಿಕೊಂಡು ಅದಷ್ಟನ್ನೂ ಬಾಯಿಪಾಠ ಮಾಡಿದ್ದರು.

"ಸಮುದ್ರ ನೋಡೀರೇನ್ರಿ ಮಿಸ್ತ್ರಿಗೋಳ?" ಎಂದು ಕೆಣಕಿದೆ.

"ಇಲ್ಲ ಬಿಡವಾ, ನೇಸರಿ ಊರಾಂವ ನಾ. ಬಾಂವ್ಯಾಗ ಬಿದ್ದಾಂವನ್ನ ಮ್ಯಾಲ ತಗದೇನಿ, ಅಷ್ಟ. ಈ ಕಾಗದದಾಗ ಒಂದ ಸಾಲೂ ಸುಮ್ಮನ ಬರದಿಲ್ಲ ತಂಗಿ. ಎಲ್ಲೋ ಮಂದಿ ಮುಳುಗಿದ ಮ್ಯಾಲ ಬರದಾರ."

ಪ್ರತಿ ಕೋರ್‌ಗೂ ನಾಲ್ಕು ಗೂಟ ಎಂಬುದು ಮಾತ್ರ ಕಾಗದದಲ್ಲಿರಲಿಲ್ಲ. ಅದು ಅವರದೇ ನಿಯಮ.

ಒಂಬತ್ತನೆಯ ವಾಲ್ವಿಗೆ ನಾನು ಮೂರೇ ಇಟ್ಟೆ. ನಾಲ್ಕನೆಯದು ಕೈಗೆ ಸಿಗಲಿಲ್ಲ, ಸ್ಟೋರಿಗೆ ಹೋಗಿ ತರಲು ಬೇಸರ. ಅಷ್ಟೇ ಕಾರಣ.

ಸಾಹೇಬರು ಬಂದರು. ನೀರು ಹಾಯಿಸಿದರು, ವಾಲ್ವಿನ ಬಾಯಿಯ ಹತ್ತಿರ ಗೋಡೆಯ ದಪ್ಪ ಅಳೆದರು. ಹನ್ನೆರಡಕ್ಕೂ ಮುದ್ರೆ ಬಿತ್ತು. ಪೇಢೆ ತಿಂದು ರೈಲಿಗೆ ಹೋದರು. ಆಮೇಲೆ ಮಿಸ್ತ್ರಿಗಳು ಸಣ್ಣ ಸುತ್ತಿಗೆ ಹಿಡಿದು ಒಂದೊಂದನ್ನೂ ಬಡಿದು ಕೇಳುತ್ತ ಬಂದರು. ಒಂಬತ್ತನೆಯದರ ಹತ್ತಿರ ನಿಂತರು. ಇನ್ನೊಮ್ಮೆ ಬಡಿದರು. ಕ್ಯಾಲಿಪರನ್ನು ಒಳಗಿನ ತಿರುವಿನವರೆಗೂ ತೂರಿಸಿ ಅಳೆದರು. ಮೂರು ಸೂತ.

"ಸಾಹೇಬಾಂನೀ ಪಾಸ್ ಕೇಲಂ ನಾ? ಮಗ ತುಲಾ ಕಾಯ್?" ಎಂದು ಮಾಲಕರು ಕೂಗಾಡಿದರು. ಸಾಹೇಬರೇ ಪಾಸು ಮಾಡಿದ ಮೇಲೆ ನಿನಗೇನು ಎಂದು.

"ಸಾಹೇಬ್ರ ಕ್ಯಾಲಿಪರ್ ಬಾಯಿತನಕ ಹೋಗೇತ್ರಿ. ಸಮುದ್ರದ ನೀರ ಒಳತನಕ ಹೋಗತೈತ್ರಿ."

ಅಷ್ಟೆಂದು ಮಿಸ್ತ್ರಿಗಳು ವಾಲ್ವನ್ನು ಬಿಗಿದು, ಮುದ್ರೆಯ ಮೇಲೆಯೇ ಗರಗಸ ಇಟ್ಟರು. ಸೀಳಿ ಮುಗಿಯುವಾಗ ಹೊತ್ತು ಇಳಿದಿತ್ತು. ಕಂಚಿನೊಳಗೆ ಮೂರು ಕಡೆ ತಾಮ್ರದ ಕೆಂಪು ಚುಕ್ಕೆ. ನಾಲ್ಕನೆಯದು ಇರಬೇಕಾದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ನನ್ನ ಕಡೆ ನೋಡಲಿಲ್ಲ.

"ಯಾರ ತಪ್ಪು ಇದು?" ಎಂದರು ಮಾಲಕರು. ಹೇಳಿದ ದಿನಕ್ಕೆ ಮಾಲು ಹೋಗುವಂತಿರಲಿಲ್ಲ, ಯಾರಾದರೊಬ್ಬರು ಕೆಲಸ ಕಳಕೊಂಡು ಮನೆಗೆ ಹೋಗಲೇಬೇಕಿತ್ತು.

"ನಂದ್ರಿ. ಕೋರ್ ನೋಡದ ಅಚ್ಚ ಮುಚ್ಚೇನಿ," ಎಂದರು ಮಿಸ್ತ್ರಿಗಳು.

ನನಗೆ ಮನೆಯ ಒಲೆ ಕಣ್ಣ ಮುಂದೆ ಬಂತು. ಸುಮ್ಮನೆ ನಿಂತೆ. ನಾಚಿಕೆಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಥೂ, ಮನುಷ್ಯಳೇ ಅಲ್ಲ ನಾನು ಎಂದು ಅನ್ನಿಸಲು ಎಷ್ಟೋ ದಿನ ಬೇಕಾಯಿತು. ಮಿಸ್ತ್ರಿಗಳು ಅಂಗಿ ಹಾಕಿಕೊಂಡು ಹೊರಟವರು, "ಕೈ ತೊಳಕೊ ತಂಗಿ, ಕಣ್ಣಾಗ ಮರಳ ಹೋದೀತು," ಎಂದರು. ಅಷ್ಟೇ.

ಏಳೆಂಟು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಿ ನೇಸರಿಗೆ ಹೋದೆ. ದಾರಿಯುದ್ದಕ್ಕೂ ಏನೂ ಅನ್ನಿಸಲಿಲ್ಲ. ಅವರ ಹೆಂಡತಿ ಬಾಗಿಲಲ್ಲಿ ಕೂತಿದ್ದರು.

"ಯಾರವಾ ನೀ?"

"ಕೊಲ್ಹಾಪುರದ ಫೌಂಡ್ರಿಯಾಕಿರಿ ವೈನಿ. ಕೋರ್ ಮಾಡಾಕಿ."

"ಓ, ಮೂರ ಗೂಟದಾಕಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮಾಲಕರಿಗೆ ಆಕಿ ಹೆಸರ ಯಾಕ ಹೇಳಲಿಲ್ಲರಿ ಅಂತ ಅವರನ್ನ ಭಾಳ ಸಲ ಕೇಳೇನಿ. ಇನ್ನ ಆಕಿ ಸಾಯೂತನಕ ನಾಕ ಇಡತಾಳ ಬಿಡ, ಅಂತಿದ್ರು."

"ಹೌದ್ರಿ, ನಾಕ ಇಡತೇನ್ರಿ," ಎಂದೆ.

ಅದನ್ನು ಮಿಸ್ತ್ರಿಗಳು ಇದ್ದಾಗಲೇ ಅವರ ಮುಂದೆ ಹೇಳಬೇಕಾಗಿತ್ತು.